ಹಂಡೆಯ ಮುಚ್ಚಳ

ಅರಸೀಕೆರೆಯೆಂದೊಡನೆ ಹಲವರಿಗೆ ಹಾಸನ ಜಿಲ್ಲೆಯ ರೈಲು ಜಂಕ್ಷನ್ನು ನೆನಪಾಗುತ್ತದೆ. ನಾನು ಹೇಳಹೊರಟಿರುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಸೀಮೆಯನ್ನು ಕುರಿತು. ಅದರಲ್ಲಿಯೂ ಅಲ್ಲಿಯ ಹಿತ್ತಲುಗಳಲ್ಲಿದ್ದ ಬಚ್ಚಲನ್ನೂ ಅದರ ಹಂಡೆಯನ್ನೂ ಕುರಿತು. ಇತಿಹಾಸವೆಂದರೆ ಅರಸರ ಸಂಗತಿಯೇ ಆಗಬೇಕೆಂದೇನೂ ಇಲ್ಲವಷ್ಟೆ.

ಬಯಲುಸೀಮೆಯಲ್ಲಿ ಚಳಿಯೆಲ್ಲಿ ಎನ್ನುವವರು ಪುಷ್ಯಮಾಸದ ಬೆಳಗಿನಲ್ಲಿ ತೆರೆದ ಹಿತ್ತಲಲ್ಲಿ ನಿಂತು ಮೈಗೆ ನೀರು ಹಾಕಿಕೊಂಡವರಲ್ಲ. ಬಿಸಿನೀರು ಬೇಕೇಬೇಕು. ಆದರೆ ಮಲೆನಾಡಿನಂತೆ ಇಲ್ಲಿ ಕಾಡಿಲ್ಲ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿಮುಳ್ಳು, ಕುಳ್ಳು. ಹೊಲವೂ ದನದ ಕೊಟ್ಟಿಗೆಯೂ ಕೊಟ್ಟಷ್ಟೇ ಉರುವಲು. ಅದನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವರು ಹೆಂಗಸರು. ಹೀಗಾಗಿ ನೀರು ಕಾಯಿಸುವುದಕ್ಕಿಂತಲೂ ಕಾದುದನ್ನು ಕಾಪಾಡುವುದು ನಮ್ಮ ಮನೆಗಳ ದೊಡ್ಡ ವಿದ್ಯೆಯಾಯಿತು.

ತಾಮ್ರದ ಹಂಡೆಯನ್ನೊಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಅಗಲವಾದ ಹೊಟ್ಟೆ, ಒಳಕ್ಕೆ ಸರಿದ ಕುತ್ತಿಗೆ, ಕಿರಿದಾದ ಬಾಯಿ. ಉರಿ ತಾಗುವ ಕಡೆ ಹರವು, ಗಾಳಿ ತಾಗುವ ಕಡೆ ಇಕ್ಕಟ್ಟು. ಸುತ್ತಲೂ ಕಲ್ಲುಮಣ್ಣಿನ ಒಲೆಯಲ್ಲಿ ಅದನ್ನು ಹೂತಿರುತ್ತಿದ್ದರು. ಬೆಂಕಿ ಆರಿದರೂ ಬೂದಿಯೊಳಗಿನ ಕೆಂಡವೂ ಕಾದ ಗೋಡೆಯೂ ಮಧ್ಯಾಹ್ನದವರೆಗೆ ನೀರನ್ನು ಬೆಚ್ಚಗಿರಿಸುತ್ತಿದ್ದವು. ಎಲ್ಲಕ್ಕಿಂತ ಮೇಲೆ ಮುಚ್ಚಳ. ಅದನ್ನು ತೆರೆದಿಟ್ಟು ಬಂದ ದಿನ ನನ್ನ ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು: “ಮುಚ್ಚಳ ಮುಚ್ಚೋ ತಮ್ಮಾ, ಊರ ಗಾಳಿಗೆಲ್ಲ ನೀರು ಕಾಸಾಕತ್ತೀವೇನು?”

ಅವ್ವನ ಮಾತಿಗೆ ಭೌತಶಾಸ್ತ್ರದ ಸಾಕ್ಷಿಯಿದೆ. ಬಿಸಿನೀರಿನ ಶಾಖವನ್ನು ಮುಖ್ಯವಾಗಿ ಕದಿಯುವುದು ಆವಿ. ಒಂದು ಲೀಟರು ನೀರು ಆವಿಯಾಗಿ ಹೋಯಿತೆಂದರೆ, ಇಪ್ಪತ್ತು ಲೀಟರಿಗೂ ಮಿಕ್ಕ ತಣ್ಣೀರನ್ನು ಸ್ನಾನಕ್ಕೆ ಹದಗೊಳಿಸುವಷ್ಟು ಶಾಖ ಅದರೊಡನೆ ಹೋದಂತೆ. ದೀಪಾವಳಿಯ ನೀರು ತುಂಬುವ ಹಬ್ಬದಲ್ಲಿ ಹಂಡೆಯನ್ನು ತಿಕ್ಕಿ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ ಪೂಜಿಸುತ್ತಿದ್ದುದು ಸುಮ್ಮನೆ ಅಲ್ಲವೆಂದು ನನಗೆ ತೋರುತ್ತದೆ.

ವಿದ್ಯುತ್ತು ಬಂದುದು ಬೇರೊಂದು ಕಥೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ. ನಮ್ಮ ಸೀಮೆ ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು; ಮೈಸೂರನ್ನು ಸೇರಿದ್ದು 1953ರಲ್ಲಿ. ಹಳ್ಳಿಗಳಲ್ಲಿ ವಿದ್ಯುತ್ತು ಮೊದಲು ದೀಪವಾಯಿತು, ಆಮೇಲೆ ಪಂಪುಸೆಟ್ಟಾಯಿತು. ಬಚ್ಚಲಿಗೆ ಬಂದುದು ತೀರ ತಡವಾಗಿ, ಬಕೆಟ್ಟಿಗೆ ಇಳಿಬಿಡುವ ಕಾಯಿಲಿನ ರೂಪದಲ್ಲಿ, ಅನಂತರ ಗೀಸರಿನ ರೂಪದಲ್ಲಿ.

ಲೆಕ್ಕ ಸರಳವಾಗಿದೆ. ನೂರು ಲೀಟರು ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 3 ಯೂನಿಟ್ಟು ವಿದ್ಯುತ್ತು ಬೇಕು. ಇಲ್ಲಿ ಯಾರ ಜಾಣತನವೂ ನಡೆಯದು. ಉಳಿತಾಯಕ್ಕೆ ಎಡೆಯಿರುವುದು ಕಾದ ಮೇಲೆ. ಇಂಧನ ದಕ್ಷತೆಯ ಕೇಂದ್ರ ಸಂಸ್ಥೆ, 2002ರಲ್ಲಿ ಹುಟ್ಟಿದ ಬ್ಯೂರೋ, ನೀರು ಶೇಖರಿಸುವ ಗೀಸರುಗಳಿಗೆ ನಕ್ಷತ್ರಗಳನ್ನು ಕೊಡುವುದು ಅವು ಎಷ್ಟು ಬೇಗ ಕಾಯಿಸುತ್ತವೆಂದು ನೋಡಿ ಅಲ್ಲ. ಸುಮ್ಮನೆ ನಿಂತಾಗ ಎಷ್ಟು ಶಾಖ ಕಳೆದುಕೊಳ್ಳುತ್ತವೆಂದು ಅಳೆದು. ಈಚೆಗೆ ಬೆಟ್ಟಸೀಮೆಯ ವಸತಿಗೃಹಗಳಲ್ಲಿ ಬಯಲಲ್ಲೇ ಬಿಸಿನೀರಿನ ತೊಟ್ಟಿಗಳನ್ನು ಇಡುತ್ತಾರೆ. ಶೀತದೇಶಗಳಿಂದ ಬಂದ ಈ ತೊಟ್ಟಿಗೂ ಅಲ್ಲಿಯ ಜನ ದಪ್ಪನೆಯ ಮುಚ್ಚಳವನ್ನೇ ಮೊದಲ ಮದ್ದೆಂದು ಬಗೆದಿದ್ದಾರೆ. ನಮ್ಮಲ್ಲಿ ತೊಟ್ಟಿ ಬಂದಿದೆ. ಮುಚ್ಚುವ ಅಭ್ಯಾಸ ಬಂದಿದೆಯೇ ಎಂಬುದನ್ನು ತಂಗಿದವರೇ ಹೇಳಬೇಕು.

ಬಿಸಿಲಿಗೇನು ಬರವಿಲ್ಲದ ನಾಡು ನಮ್ಮದು. 2007ರಲ್ಲಿ ಕರ್ನಾಟಕ ಸರ್ಕಾರ ಕೆಲವು ಬಗೆಯ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರನ್ನು ಕಡ್ಡಾಯಗೊಳಿಸಿತು. ಹಾಕಿಸಿಕೊಂಡ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯ ರಿಯಾಯಿತಿಯೂ ಇತ್ತು. ಕಪ್ಪು ತಗಡಿನಲ್ಲಿ ಕಾದ ನೀರು ಹಗುರಾಗಿ ತಾನೇ ಮೇಲೇರಿ ತೊಟ್ಟಿ ಸೇರುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ, ಪಂಪಿನ ಹಂಗಿಲ್ಲ. ತೊಟ್ಟಿಯ ಸುತ್ತ ದಪ್ಪನೆಯ ಫೋಮಿನ ಹೊದಿಕೆ. ಹಿತ್ತಲಿನ ಹಂಡೆ, ಒಲೆಯ ಗೋಡೆಯೊಡನೆ, ಮಾಳಿಗೆ ಹತ್ತಿ ಕುಳಿತಂತೆ.

ನಮ್ಮ ಮನೆಯ ಒಲೆಯನ್ನು ಕೆಡವಿಸಿದವನು ನಾನೇ. ಹೊಗೆ ಅವ್ವನ ಕಣ್ಣಿಗೆ ಆಗದು ಎಂಬುದು ನಾನು ಕೊಟ್ಟ ಕಾರಣ. ಅದು ಸುಳ್ಳೂ ಅಲ್ಲ. ಹಂಡೆಯನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಕೊಟ್ಟೆ. ಅವ್ವ ಏನೂ ಅನ್ನಲಿಲ್ಲ. ಗೋಡೆಯ ಮೇಲಿನ ಗೀಸರನ್ನು ಬಹಳ ಹೊತ್ತು ನೋಡಿ, “ಇದರ ಮುಚ್ಚಳ ಎಲ್ಲೈತೋ?” ಎಂದು ಕೇಳಿದಳು. ನಾನು ನಕ್ಕೆ. ಆಕೆಯ ಕಡೆಯ ಚಳಿಗಾಲದಲ್ಲಿ, ಕರೆಂಟು ಯಾವಾಗ ಹೋದೀತೋ ಎಂಬ ಭಯದಿಂದ, ಆ ಗೀಸರನ್ನು ಹಗಲಿರುಳೂ ಹಾಕಿಯೇ ಇಡುತ್ತಿದ್ದೆವು. ಹೋದಾಗ ಸಂಜೆಯೊಳಗೆ ನೀರು ಆರಿರುತ್ತಿತ್ತು. ಸೋಲಾರ್ ತೊಟ್ಟಿಯನ್ನು ಮಾಳಿಗೆಗೆ ಏರಿಸಿದ್ದು ಅವ್ವ ಹೋದ ಮರುವರ್ಷ.