ಎಚ್‌ಐವಿ ಔಷಧ ವಿನ್ಯಾಸ: ಮುಂಬೈನ ಕೊಡುಗೆ

ಎಚ್‌ಐವಿ ಔಷಧ ವಿನ್ಯಾಸ: ವೈರಾಣುವಿಗೆ ಅನಿವಾರ್ಯವಾದ ಕಿಣ್ವಗಳಲ್ಲಿ ಹೊಕ್ಕು ಅವುಗಳ ಕೆಲಸ ತಡೆಯುವ ಸಣ್ಣ ಅಣುಗಳನ್ನು ರೂಪಿಸುವ ವಿದ್ಯೆ. ಇದರ ಚರಿತ್ರೆಯಲ್ಲಿ ಮುಂಬೈನ ಕುರ್ಲಾದ ಆಸುಪಾಸಿನ ಟ್ರಾಂಬೆ ಮತ್ತು ವಿಕ್ರೋಲಿಗಳಿಗೂ ಸ್ಥಾನವಿದೆ.

ಮೊದಲ ಔಷಧ ಜಿಡೊವುಡಿನ್. ಜೆರೋಮ್ ಹಾರ್ವಿಟ್ಜ್ 1964ರಲ್ಲಿ ಅಮೆರಿಕದಲ್ಲಿ ಇದನ್ನು ತಯಾರಿಸಿದ್ದು ಕ್ಯಾನ್ಸರ್‌ಗೆಂದು. ಆ ರೋಗಕ್ಕೆ ಅದು ಫಲಿಸಲಿಲ್ಲ. ವೈರಾಣುವಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಕಿಣ್ವವನ್ನು ಇದು ತಡೆಯುತ್ತದೆಂದು ಗೊತ್ತಾದ ಮೇಲೆ, 1987ರಲ್ಲಿ ಏಡ್ಸ್ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು.

ಎರಡನೆಯ ಗುರಿ ಪ್ರೋಟಿಯೇಸ್. ವೈರಾಣುವಿನ ಉದ್ದನೆಯ ಪ್ರೋಟೀನನ್ನು ತುಂಡರಿಸಿ ಹೊಸ ವೈರಾಣುಗಳನ್ನು ಪಕ್ವಗೊಳಿಸುವ ಕಿಣ್ವವಿದು. ತಲಾ 99 ಅಮೈನೋ ಆಮ್ಲಗಳ ಎರಡು ಸರಪಳಿಗಳು ಕೂಡಿ ಇದು ಆಗಿದೆ. ನಡುವಣ ಕುಳಿಯಲ್ಲಿ ಎರಡು ಆಸ್ಪಾರ್ಟಿಕ್ ಆಮ್ಲಗಳು ಕತ್ತರಿಸುವ ಕೆಲಸ ನಡೆಸುತ್ತವೆ. ಮೇಲೆ ಎರಡು ಮಡಿಕೆಗಳು ಕಣ್ಣರೆಪ್ಪೆಗಳಂತೆ ತೆರೆದು ಮುಚ್ಚುತ್ತವೆ. 1989ರಲ್ಲಿ ಈ ರಚನೆ ಬೆಳಕಿಗೆ ಬಂದದ್ದೇ ತಡ, ಕುಳಿಗೆ ಹೊಂದುವ ಅಣುಗಳ ವಿನ್ಯಾಸ ಚುರುಕಾಯಿತು. 1995ರಲ್ಲಿ ಅಂಥ ಔಷಧವಾದ ಸಾಕ್ವಿನಾವಿರ್ ಬಳಕೆಗೆ ಬಂತು.

ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಎಂ. ವಿ. ಹೊಸೂರ್ ಅವರ ತಂಡ ಎರಡೂ ಸರಪಳಿಗಳನ್ನು ಜೋಡಿಸಿ ಒಂದೇ ಪ್ರೋಟೀನಾಗಿ ತಯಾರಿಸಿ, ಹರಳುಗಟ್ಟಿಸಿ, ಕ್ಷ-ಕಿರಣಗಳಿಂದ ಪರೀಕ್ಷಿಸಿತು. ಕತ್ತರಿಸುವ ಕ್ರಿಯೆಯ ನಡುವೆ ಕ್ಷಣಮಾತ್ರ ಮೂಡುವ ಮಧ್ಯಂತರ ರೂಪವನ್ನು 2010ರಲ್ಲಿ ಚಿತ್ರಸಹಿತ ಪ್ರಕಟಿಸಿತು. ಕಿಣ್ವ ಬಿಗಿಯಾಗಿ ಹಿಡಿದುಕೊಳ್ಳುವುದು ಇಂಥ ರೂಪವನ್ನೇ ಆದ್ದರಿಂದ, ಅದನ್ನು ಹೋಲುವ ಅಣುಗಳು ಒಳ್ಳೆಯ ಪ್ರತಿಬಂಧಕಗಳಾಗುತ್ತವೆ.

ಔಷಧವಿದ್ದರೂ ಬಡ ರೋಗಿಗೆ ಅದು ದಕ್ಕುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಮೂರು ಔಷಧಗಳ ಚಿಕಿತ್ಸೆಗೆ ವರ್ಷಕ್ಕೆ 10,000 ಡಾಲರಿಗೂ ಮಿಕ್ಕಿ ಬೀಳುತ್ತಿತ್ತು. ಭಾರತದ 1970ರ ಪೇಟೆಂಟ್ ಕಾಯಿದೆ ಔಷಧದ ತಯಾರಿಕಾ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು. ಬೇರೆ ದಾರಿಯಲ್ಲಿ ಅದೇ ಅಣುವನ್ನು ತಯಾರಿಸಲು ಅಡ್ಡಿಯಿರಲಿಲ್ಲ. ಹೈದರಾಬಾದಿನ ರಸಾಯನಶಾಸ್ತ್ರಜ್ಞ ಎ. ವಿ. ರಾಮರಾವ್ ರೂಪಿಸಿದ ವಿಧಾನದಿಂದ ಮುಂಬೈನ ಸಿಪ್ಲಾ 1993ರಲ್ಲಿ ಜಿಡೊವುಡಿನ್ ತಂದಿತು. ಕುರ್ಲಾದ ಮೂಲಕ ಹಾದುಹೋಗುವ ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗದಲ್ಲೇ, ವಿಕ್ರೋಲಿಯಲ್ಲಿ, ಈ ಕಂಪನಿಯ ಘಟಕವಿದೆ. 2001ರಲ್ಲಿ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿದ ಟ್ರಯೋಮ್ಯೂನ್ ಬಂತು. ಅದೇ ವರ್ಷ ಸಿಪ್ಲಾದ ಯೂಸುಫ್ ಹಮೀದ್ ಈ ಮೂರು ಔಷಧಗಳನ್ನು ರೋಗಿಯೊಬ್ಬರಿಗೆ ವರ್ಷಕ್ಕೆ 350 ಡಾಲರಿಗೆ ‘ಗಡಿರಹಿತ ವೈದ್ಯರು’ ಸಂಸ್ಥೆಗೆ ಕೊಡಲು ಮುಂದಾದರು.

ಭಾರತ ಸರಕಾರ 2004ರ ಏಪ್ರಿಲ್ 1ರಿಂದ ಉಚಿತ ಚಿಕಿತ್ಸೆ ಆರಂಭಿಸಿತು. ಅಡ್ಡಪರಿಣಾಮಗಳಿಂದಾಗಿ ಸ್ಟಾವುಡಿನ್ ಹಿಂದೆ ಸರಿಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡಾಲ್ಯುಟೆಗ್ರಾವಿರ್ ಎಂಬ ಔಷಧಕ್ಕೆ ಮೊದಲ ಆದ್ಯತೆ ಕೊಟ್ಟಿತು. ಈ ಯಾವ ಔಷಧವೂ ವೈರಾಣುವನ್ನು ದೇಹದಿಂದ ಪೂರ್ತಿ ಹೊರಹಾಕದು. ಆದರೆ ತಪ್ಪದೆ ಸೇವಿಸಿದವರು ದೀರ್ಘಕಾಲ ಆರೋಗ್ಯವಾಗಿ ಬಾಳಬಲ್ಲರು.