ಮತ ಕೇಳಿದ ಪ್ರಾಸಿಕ್ಯೂಟರು

ನಮ್ಮ ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರು ಒಂದು ಬೆಳಿಗ್ಗೆ ನಮ್ಮ ಮನೆಯ ಬಾಗಿಲಿಗೆ ಬಂದು, ಕೈ ಜೋಡಿಸಿ, "ಕಳೆದ ನಾಲ್ಕು ವರ್ಷಗಳಲ್ಲಿ ಇಷ್ಟು ಮಂದಿಗೆ ಶಿಕ್ಷೆ ಕೊಡಿಸಿದ್ದೇನೆ, ಈ ಸಲವೂ ತಮ್ಮ ಓಟು ನನಗೇ ಇರಲಿ" ಎಂದು ಕೇಳಿದರೆ ಹೇಗಿದ್ದೀತು? ನಗು ಬಂದೀತು, ನಕ್ಕ ಮೇಲೆ ಸ್ವಲ್ಪ ಭಯವೂ ಆದೀತು. ನಮ್ಮಲ್ಲಿ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡುತ್ತಾರೆ, ಸರ್ಕಾರ ಅದರೊಳಗಿಂದ ನೇಮಕ ಮಾಡುತ್ತದೆ. ಅಲ್ಲಿ ರಾಜಕೀಯ ನುಸುಳುವುದೇ ಇಲ್ಲವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ನುಸುಳಿದರೆ ಹಿತ್ತಿಲ ಬಾಗಿಲಿನಿಂದ. ಅಮೆರಿಕಾದಲ್ಲಿ ಅದು ಹೆಬ್ಬಾಗಿಲಿನಿಂದಲೇ ಬರುತ್ತದೆ. ಅಲ್ಲಿ ಒಂದೊಂದು ಕೌಂಟಿಯಲ್ಲೂ ಅಪರಾಧಿಗಳ ಮೇಲೆ ಖಟ್ಲೆ ಹೂಡುವ ಅಧಿಕಾರಿ ಡಿಸ್ಟ್ರಿಕ್ಟ್ ಅಟಾರ್ನಿ. ಆತನನ್ನು ಆರಿಸುವವರು ಮತದಾರರು.

ಈ ಪದ್ಧತಿ ಮೊದಲಿನಿಂದಲೂ ಇದ್ದದ್ದಲ್ಲ. ಗವರ್ನರರೋ ಶಾಸನ ಸಭೆಯೋ ನ್ಯಾಯಾಧೀಶರೋ ಇವರನ್ನು ನೇಮಿಸುತ್ತಿದ್ದರು. 1832ರಲ್ಲಿ ಮಿಸಿಸಿಪ್ಪಿ ಸಂಸ್ಥಾನ ಚುನಾವಣೆಗೆ ನಾಂದಿ ಹಾಡಿತು; 1846ರಲ್ಲಿ ನ್ಯೂಯಾರ್ಕ್ ಅದೇ ಹಾದಿ ಹಿಡಿಯಿತು. ಆಂಡ್ರೂ ಜಾಕ್ಸನ್ನರ ಕಾಲದ ಪ್ರಜಾಪ್ರಭುತ್ವದ ಹುರುಪು ಅದು. ದೊಡ್ಡವರ ಕೃಪೆಯಿಂದ ಹುದ್ದೆಗೆ ಬಂದವನು ದೊಡ್ಡವರ ತಪ್ಪನ್ನು ಹುಡುಕಿಯಾನೆ, ಎಂಬುದು ಅವರ ಪ್ರಶ್ನೆ. ಪ್ರಶ್ನೆಯೇನೋ ಸರಿಯಾದದ್ದೇ. ಇಂದಿಗೂ ನಾಲ್ಕೈದು ಸಂಸ್ಥಾನಗಳನ್ನು ಬಿಟ್ಟರೆ ಉಳಿದೆಡೆಯೆಲ್ಲ ಈ ಅಧಿಕಾರ ಚುನಾವಣೆಯ ಮೂಲಕವೇ ದೊರೆಯುತ್ತದೆ.

ಈ ಏರ್ಪಾಡಿನ ಗುಣವನ್ನೂ ದೋಷವನ್ನೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ನೋಡಬೇಕೆನ್ನುವವರು ಅರ್ಲ್ ವಾರನ್ನರ ಚರಿತ್ರೆಯನ್ನು ಓದಬೇಕು. ಶಾಲೆಗಳಲ್ಲಿ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿಯಾಗಿ ಅವರ ಹೆಸರು ನಮ್ಮಲ್ಲೂ ಪರಿಚಿತ. ಅದಕ್ಕೆ ಮೊದಲು ಅವರು ಹದಿನೆಂಟು ವರ್ಷಗಳ ಕಾಲ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯಲ್ಲಿ ಪ್ರಾಸಿಕ್ಯೂಟರಾಗಿದ್ದರೆಂಬುದು ಅಷ್ಟು ಪರಿಚಿತವಲ್ಲ.

1891ರಲ್ಲಿ ಹುಟ್ಟಿದ ವಾರನ್ನರ ತಂದೆ ರೈಲ್ವೆ ಕಂಪನಿಯ ನೌಕರ. 1894ರ ಮುಷ್ಕರದ ನಂತರ ಕೆಲಸ ಕಳೆದುಕೊಂಡು ಊರು ಬಿಟ್ಟವರು. ಮಗ ಬರ್ಕ್ಲಿಯಲ್ಲಿ ಕಾನೂನು ಓದಿ, ಸೈನ್ಯದಲ್ಲಿ ಕೆಲಕಾಲವಿದ್ದು, 1920ರಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯ ಕಚೇರಿಗೆ ಸಹಾಯಕರಾಗಿ ಸೇರಿದರು. 1925ರಲ್ಲಿ ಮೇಲಧಿಕಾರಿ ಬೇರೊಂದು ಹುದ್ದೆಗೆ ಹೋದಾಗ ಕೌಂಟಿಯ ಐವರು ಸದಸ್ಯರ ಮಂಡಳಿ ತೆರವಾದ ಸ್ಥಾನವನ್ನು ತುಂಬಬೇಕಾಯಿತು. ಆ ಊರಿನ ರಾಜಕೀಯವನ್ನು ಬೆರಳ ತುದಿಯಲ್ಲಿ ಕುಣಿಸುತ್ತಿದ್ದ ಮೈಕ್ ಕೆಲ್ಲಿ ಎಂಬಾತನಿಗೆ ಬೇರೊಬ್ಬ ಅಭ್ಯರ್ಥಿ ಬೇಕಾಗಿದ್ದ. ಆದರೂ ವಾರನ್ನರಿಗೇ ಸ್ಥಾನ ದೊರಕಿತು. ಮರುವರ್ಷ, ಅಂದರೆ 1926ರಲ್ಲಿ, ಅವರು ಮತದಾರರ ಮುಂದೆ ನಿಂತು ಗೆದ್ದರು. 1930ರಲ್ಲೂ 1934ರಲ್ಲೂ ಮತ್ತೆ ಗೆದ್ದರು.

ಅದೇ 1926ರ ಚುನಾವಣೆಯಲ್ಲಿ ಅದೇ ಕೌಂಟಿಯ ಮತದಾರರು ಇನ್ನೊಬ್ಬನನ್ನೂ ಆರಿಸಿದ್ದರು. ಷೆರೀಫ್ ಹುದ್ದೆಗೆ ಬಂದ ಬರ್ಟನ್ ಬೆಕರ್ ಎಂಬಾತ ಕು ಕ್ಲಕ್ಸ್ ಕ್ಲಾನ್ ಎಂಬ ಕರಿಯರ ದ್ವೇಷಿಗಳ ಕೂಟದ ಸದಸ್ಯ. ಪಾನನಿರೋಧದ ಕಾಲ, ಕಳ್ಳಭಟ್ಟಿಯವರಿಂದಲೂ ಜೂಜುಕೋರರಿಂದಲೂ ಕಾಣಿಕೆ ಪಡೆದು ರಕ್ಷಣೆ ಕೊಡುವುದು ಆತನ ಆಡಳಿತದ ಕ್ರಮವಾಯಿತು. ವಾರನ್ ತಮ್ಮ ಸಮಕ್ಕೆ ಚುನಾಯಿತನಾದ ಈ ಅಧಿಕಾರಿಯ ಮೇಲೆಯೇ ಖಟ್ಲೆ ಹೂಡಿದರು. 1930ರಲ್ಲಿ ಷೆರೀಫ್ ಸಾಹೇಬ ಅಪರಾಧಿಯೆಂದು ತೀರ್ಮಾನವಾಗಿ ಸಾನ್ ಕ್ವೆಂಟಿನ್ ಸೆರೆಮನೆ ಸೇರಿದ. ಜಾಕ್ಸನ್ನರ ಕಾಲದವರು ಬದುಕಿದ್ದರೆ, ನೋಡಿದಿರಾ, ನಾವು ಕೇಳಿದ್ದು ಇದನ್ನೇ, ಎನ್ನುತ್ತಿದ್ದರು. ದೇಶದ ಡಿಸ್ಟ್ರಿಕ್ಟ್ ಅಟಾರ್ನಿಗಳ ಕೆಲಸವನ್ನು ಪರಿಶೀಲಿಸಿದ ಕೊಲಂಬಿಯಾ ವಿಶ್ವವಿದ್ಯಾನಿಲಯದ ರೇಮಂಡ್ ಮೋಲಿ 1931ರಲ್ಲಿ ವಾರನ್ನರನ್ನು ಎಲ್ಲರಿಗಿಂತ ಶ್ರೇಷ್ಠರೆಂದು ಎಣಿಸಿದರು. ಜ್ಯೂರಿ "ಅಪರಾಧಿ" ಎಂದಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತಿತ್ತೆಂದು ವಾರನ್ ಹೇಳಿಕೊಂಡದ್ದುಂಟು. ಗೆದ್ದ ವಕೀಲನ ಬಾಯಲ್ಲಿ ಇಂಥ ಮಾತು ಅಪರೂಪ.

ಆದರೆ ಚಿತ್ರಕ್ಕೆ ಇನ್ನೊಂದು ಮಗ್ಗುಲಿದೆ. 1936ರ ಮಾರ್ಚಿಯಲ್ಲಿ ಅಲಮೀಡಾ ಬಂದರಿನಲ್ಲಿ ನಿಂತಿದ್ದ ಪಾಯಿಂಟ್ ಲೋಬೋಸ್ ಎಂಬ ಹಡಗಿನ ಮುಖ್ಯ ಎಂಜಿನಿಯರ್ ಜಾರ್ಜ್ ಆಲ್ಬರ್ಟ್ಸನ ಕೊಲೆಯಾಯಿತು. 1934ರ ಬಂದರು ಕಾರ್ಮಿಕರ ಮಹಾಮುಷ್ಕರದ ಕಾವು ಇನ್ನೂ ಆರಿರಲಿಲ್ಲ. ಊರಿನ ಸಾಹುಕಾರರಿಗೂ ಪತ್ರಿಕೆಗಳಿಗೂ ನಾವಿಕರ ಸಂಘವೆಂದರೆ ಕೆಂಪು ಭೂತ. ಕಿಂಗ್, ರ್‍ಯಾಮ್ಸೆ, ಕಾನರ್ ಎಂಬ ಮೂವರು ಸಂಘದವರ ಮೇಲೆ ಆರೋಪ ಬಂತು. ಕಾನರನನ್ನು ವಕೀಲರ ಸುಳಿವಿಲ್ಲದ ಕಡೆ ಇರಿಸಿಕೊಂಡು, ನಿದ್ರೆಗೊಡದೆ ಪ್ರಶ್ನಿಸಿ ತಪ್ಪೊಪ್ಪಿಗೆ ಬರೆಸಿಕೊಂಡರೆಂದು ಪ್ರತಿವಾದಿಗಳು ದೂರಿದರು. ಖಟ್ಲೆಯನ್ನು ವಿಚಾರಿಸಿದ ನ್ಯಾಯಾಧೀಶರಾದರೋ ಹಿಂದೊಮ್ಮೆ ಇದೇ ವಾರನ್ನರ ಕಚೇರಿಯಲ್ಲಿ ಸಹಾಯಕರಾಗಿದ್ದವರು! 1937ರ ಜನವರಿಯಲ್ಲಿ ಮೂವರಿಗೂ ಶಿಕ್ಷೆಯಾಯಿತು. 1941ರಲ್ಲಿ ಅವರನ್ನು ಪೆರೋಲಿನ ಮೇಲೆ ಬಿಟ್ಟಾಗ ವಾರನ್ ಕಟುವಾಗಿ ವಿರೋಧಿಸಿದರು. ಅಷ್ಟು ಹೊತ್ತಿಗೆ ಅವರು ಸಂಸ್ಥಾನದ ಅಟಾರ್ನಿ ಜನರಲ್. ಗವರ್ನರ್ ಪದವಿ ಇನ್ನೊಂದೇ ಮೆಟ್ಟಲು.

ಆ ಮೆಟ್ಟಲನ್ನು ಅವರು ಏರಿದ್ದು 1942ರ ನವೆಂಬರಿನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ, ಪರ್ಲ್ ಹಾರ್ಬರಿನ ದಾಳಿಯ ಬಿಸಿಯಲ್ಲಿ, ಜಪಾನೀ ಮೂಲದವರನ್ನು ಕರಾವಳಿಯಿಂದ ತೆರವು ಮಾಡಿಸಬೇಕೆಂದು ಕಾಂಗ್ರೆಸ್ಸಿನ ಸಮಿತಿಯೊಂದರ ಮುಂದೆ ವಾದಿಸಿದವರಲ್ಲಿ ಅವರೂ ಒಬ್ಬರು. ಅವರ ತರ್ಕ ವಿಚಿತ್ರವಾದದ್ದು: ಈವರೆಗೆ ಇವರು ಯಾವ ದ್ರೋಹವನ್ನೂ ಮಾಡಿಲ್ಲವೆಂಬುದೇ ಏನೋ ಹೊಂಚು ನಡೆದಿದೆಯೆಂಬುದಕ್ಕೆ ಗುರುತು! ಕೋರ್ಟಿನಲ್ಲಿ ಇಂಥ ವಾದವನ್ನು ಎದುರು ವಕೀಲ ಹೂಡಿದ್ದರೆ ವಾರನ್ ಅದನ್ನು ಎರಡು ನಿಮಿಷದಲ್ಲಿ ಚಿಂದಿ ಮಾಡುತ್ತಿದ್ದರು. ಲಕ್ಷಕ್ಕೂ ಮೀರಿದ ಜನ, ಅವರಲ್ಲಿ ಹೆಚ್ಚಿನವರು ಅಮೆರಿಕಾದಲ್ಲೇ ಹುಟ್ಟಿದ ಪ್ರಜೆಗಳು, ಮುಳ್ಳುತಂತಿಯ ಹಿಂದೆ ದಿನ ಕಳೆಯಬೇಕಾಯಿತು. ವಾರನ್ ಮತಕ್ಕಾಗಿ ಹಾಗೆ ಮಾತಾಡಿದರೋ, ನಂಬಿ ಮಾತಾಡಿದರೋ? ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಭೀಕರ. ಮತದಾರರ ಮನಸ್ಸನ್ನು ವರ್ಷಗಟ್ಟಲೆ ಓದುತ್ತ ಬಂದವನಿಗೆ ಅವರ ಭಯ ತನ್ನದೇ ಭಯವೆಂದು ಅನ್ನಿಸತೊಡಗುತ್ತದೆ. ಅವರ ಮರಣಾನಂತರ 1977ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆ ಕಾರ್ಯಕ್ಕಾಗಿ ಪಶ್ಚಾತ್ತಾಪವಿದೆ. ಮನೆ, ಗೆಳೆಯರು, ಶಾಲೆಗಳಿಂದ ಬೇರ್ಪಟ್ಟ ಮಕ್ಕಳ ನೆನಪಿದೆ.

1953ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದ ಮೇಲೆ ಅವರು ಯಾರ ಓಟನ್ನೂ ಕೇಳಬೇಕಾಗಿರಲಿಲ್ಲ. ಅದು ಆಜೀವ ಹುದ್ದೆ. ಬಡ ಆಪಾದಿತನಿಗೆ ಸರ್ಕಾರದ ವೆಚ್ಚದಲ್ಲಿ ವಕೀಲನನ್ನು ಕೊಡಬೇಕೆಂದು ಅವರ ಕೋರ್ಟು 1963ರಲ್ಲಿ ಹೇಳಿತು. 1966ರ ಜೂನ್ 13ರಂದು ಮಿರಾಂಡಾ ಖಟ್ಲೆಯ ತೀರ್ಪನ್ನು ಸ್ವತಃ ವಾರನ್ನರೇ ಬರೆದರು: ಪೊಲೀಸರು ವಶದಲ್ಲಿಟ್ಟುಕೊಂಡು ಪ್ರಶ್ನಿಸುವ ಮೊದಲು, ನೀನು ಮೌನವಾಗಿರಬಹುದು, ವಕೀಲನನ್ನು ಕರೆಸಬಹುದು ಎಂದು ತಿಳಿಸಲೇಬೇಕು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಆ ಕಡೆ, ನಾಲ್ವರು ಈ ಕಡೆ. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ನಂದಿನಿ ಸತ್ಪತಿಯವರ ಖಟ್ಲೆಯನ್ನು ತೀರ್ಮಾನಿಸುವಾಗ ಈ ತೀರ್ಪನ್ನು ಮುಂದಿಟ್ಟುಕೊಂಡೇ ವಿಚಾರ ಮಾಡಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ ತಪ್ಪೊಪ್ಪಿಗೆ ಹೇಗೆ ಹೊರಡುತ್ತದೆಂಬುದನ್ನು ಮಿರಾಂಡಾ ತೀರ್ಪು ಸಾವಧಾನವಾಗಿ ವಿವರಿಸುತ್ತದೆ. ಬರೆದವರು ಆ ಕೋಣೆಯ ಹೊರಗೆ ಕಾದು ಕುಳಿತಿದ್ದ ಪಕ್ಷದವರು. ಕಾನರನ ನೆನಪು ಅವರಿಗೆ ಆಗ ಬಂದಿತ್ತೇ ಎಂದು ಓದುವವನಿಗೆ ಅನ್ನಿಸದೆ ಇರದು.

ಆದರೂ ಈ ಬದಲಾವಣೆ ನ್ಯಾಯಪೀಠಕ್ಕೆ ಏರಿದ ಮೇಲೆ ದಿಢೀರನೆ ಆದದ್ದೆನ್ನುವುದು ಸರಿಯಲ್ಲ. 1938ರ ಮೇ ತಿಂಗಳಿನಲ್ಲಿ, ವಾರನ್ ಅಟಾರ್ನಿ ಜನರಲ್ ಸ್ಥಾನಕ್ಕೆ ಪ್ರಚಾರ ಮಾಡುತ್ತಿದ್ದಾಗ, ಬೇಕರ್ಸ್‌ಫೀಲ್ಡಿನ ಮನೆಯಲ್ಲಿ ಒಬ್ಬರೇ ಇದ್ದ ಅವರ ವೃದ್ಧ ತಂದೆಯನ್ನು ಯಾರೋ ಕಬ್ಬಿಣದ ಕೊಳವೆಯಿಂದ ಹೊಡೆದು ಕೊಂದರು. ಸಂಶಯಕ್ಕೊಳಗಾದ ಒಬ್ಬ ಬೇರಾವುದೋ ಅಪರಾಧಕ್ಕಾಗಿ ಸೆರೆಯಲ್ಲಿದ್ದ. ಆತನ ಕೋಣೆಯಲ್ಲಿ ಗುಟ್ಟಾಗಿ ಧ್ವನಿಗ್ರಾಹಕ ಯಂತ್ರವನ್ನಿಟ್ಟು ಮಾತನ್ನು ಹಿಡಿಯೋಣವೆಂದು ಪೊಲೀಸರು ಸೂಚಿಸಿದರೆಂದೂ, ಹದಿಮೂರು ವರ್ಷಗಳ ಡಿಸ್ಟ್ರಿಕ್ಟ್ ಅಟಾರ್ನಿ ಅದಕ್ಕೆ ಒಪ್ಪಲಿಲ್ಲವೆಂದೂ ಅವರ ಚರಿತ್ರಕಾರರು ಬರೆದಿದ್ದಾರೆ. ಆ ವರ್ಷದ ಚುನಾವಣೆಯಲ್ಲಿ ವಾರನ್ ಗೆದ್ದರು. ತಂದೆಯನ್ನು ಕೊಂದವನು ಯಾರೆಂಬುದು ಕೊನೆಗೂ ಗೊತ್ತಾಗಲಿಲ್ಲ.