ಕೋಪನ್‌ಹೇಗನ್: ತನ್ನ ನೆಲದ ರುಚಿಗೆ ಮರಳಿದ ನಗರ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಬಂದರು ದಂಡೆಯಲ್ಲಿ ಹದಿನೆಂಟನೇ ಶತಮಾನದ ಉಗ್ರಾಣವೊಂದಿದೆ. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಹಾಗೂ ಫ್ಯಾರೋ ದ್ವೀಪಗಳಿಂದ ಹಡಗಿನಲ್ಲಿ ಬರುತ್ತಿದ್ದ ಒಣಮೀನು, ತಿಮಿಂಗಿಲದ ಎಣ್ಣೆ, ತೊಗಲುಗಳನ್ನು ಒಂದು ಕಾಲಕ್ಕೆ ಅಲ್ಲಿ ಪೇರಿಸಿಡುತ್ತಿದ್ದರು. 2003ರಲ್ಲಿ ಅದೇ ಕಟ್ಟಡದಲ್ಲಿ ‘ನೋಮಾ’ ಎಂಬ ಭೋಜನಾಲಯ ಬಾಗಿಲು ತೆರೆಯಿತು. ‘ಉತ್ತರ ದೇಶಗಳ ಆಹಾರ’ ಎಂಬರ್ಥದ ಎರಡು ಡ್ಯಾನಿಷ್ ಪದಗಳ ಮೊದಲಕ್ಷರಗಳಿಂದ ಹುಟ್ಟಿದ ಹೆಸರದು. ಉತ್ತರ ದೇಶಗಳಲ್ಲಿ ಊರೂರಿಗೆ ಹೇಳಿಕೊಳ್ಳುವಂಥ ಅಡಿಗೆ ಏನಿದೆ ಎಂದು ನಗರದ ಬಾಣಸಿಗರೇ ನಕ್ಕರು.

ಆ ನಗುವಿಗೆ ಕಾರಣವಿತ್ತು. ಯುರೋಪಿನಲ್ಲಿ ದೊಡ್ಡ ಔತಣವೆಂದರೆ ಬಹುಕಾಲ ಫ್ರೆಂಚ್ ಔತಣವೇ. ಎಲ್ಲ ಭಕ್ಷ್ಯಗಳನ್ನೂ ಮೇಜಿನ ತುಂಬ ಒಮ್ಮೆಗೇ ಹರಡುತ್ತಿದ್ದ ಪದ್ಧತಿ ಹತ್ತೊಂಬತ್ತನೇ ಶತಮಾನದಲ್ಲಿ ಹಿಂದೆ ಸರಿದು, ಒಂದಾದ ಮೇಲೊಂದು ತಟ್ಟೆ ತಂದಿಡುವ ರಷ್ಯನ್ ಕ್ರಮ ಪ್ಯಾರಿಸಿನಲ್ಲಿ ನೆಲೆಯೂರಿತು. 1970ರ ದಶಕದಲ್ಲಿ ಫ್ರಾನ್ಸಿನ ಹೊಸ ಪೀಳಿಗೆಯ ಬಾಣಸಿಗರು ತಟ್ಟೆಗಳನ್ನು ಕಿರಿದಾಗಿಸಿ, ಅವುಗಳ ಸಂಖ್ಯೆ ಹೆಚ್ಚಿಸಿದರು. ‘ಟೇಸ್ಟಿಂಗ್ ಮೆನು’ ರೂಪುಗೊಂಡದ್ದು ಹೀಗೆ. 1987ರ ಡ್ಯಾನಿಷ್ ಚಲನಚಿತ್ರ ‘ಬ್ಯಾಬೆಟ್ಸ್ ಫೀಸ್ಟ್’ನಲ್ಲಿ ಒಣಮೀನು ತಿಂದು ಬದುಕುವ ಹಳ್ಳಿಗರಿಗೆ ಊಟದ ಸೊಗಸು ತೋರಿಸಿಕೊಡುವವಳು ಫ್ರೆಂಚ್ ಅಡಿಗೆಯವಳೇ. ಪದಾರ್ಥಗಳನ್ನೂ ಆಕೆ ಫ್ರಾನ್ಸಿನಿಂದಲೇ ತರಿಸುತ್ತಾಳೆ.

ಹಾಗೆಂದು ಡೆನ್ಮಾರ್ಕಿನ ನೆಲ ಬಂಜರೇನಲ್ಲ. ಅಲ್ಲಿ 1882ರಲ್ಲಿ ಮೊದಲ ಸಹಕಾರಿ ಹಾಲಿನ ಕೇಂದ್ರ ಹುಟ್ಟಿತು. 1887ರಲ್ಲಿ ಮೊದಲ ಸಹಕಾರಿ ಹಂದಿಮಾಂಸದ ಕಾರ್ಖಾನೆ. ಬೆಣ್ಣೆಯೂ ಬೇಕನ್ನೂ ಹಡಗೇರಿ ಬ್ರಿಟನ್ನಿಗೆ ಹೋದವು. ರೈತ ಏಳಿಗೆಯಾದ, ಆದರೆ ಆಹಾರವೆಂಬುದು ಏಕರೂಪದ ರಫ್ತು ಸರಕಾಯಿತು. ಮನೆಯಲ್ಲಿ ಉಳಿದದ್ದು ರೈ ರೊಟ್ಟಿ, ಆಲೂಗಡ್ಡೆ, ಹಂದಿಮಾಂಸದ ಸಾರು. ಅದು ಹೊಟ್ಟೆಗೆ ಸಾಕು, ಅತಿಥಿಗೆ ತಕ್ಕುದಲ್ಲ ಎಂಬ ಭಾವನೆ ಬೇರೂರಿತು.

ನೋಮಾದ ಸ್ಥಾಪಕರಾದ ಕ್ಲಾಸ್ ಮೇಯರ್ ಮತ್ತು ರೆನೆ ರೆಡ್ಜೆಪಿ ಅಲುಗಾಡಿಸಿದ್ದು ಈ ಭಾವನೆಯನ್ನೇ. ರೆಡ್ಜೆಪಿಗೆ ಆಗ 25 ವರ್ಷ. ತಂದೆ ಮ್ಯಾಸಿಡೋನಿಯದಿಂದ ವಲಸೆ ಬಂದವರು. ನಾಡಿನ ರುಚಿಯನ್ನು ಎತ್ತಿ ಹಿಡಿದವನು ವಲಸಿಗನ ಮಗನೆಂಬುದು ಗಮನಾರ್ಹ. 2004ರಲ್ಲಿ ಉತ್ತರ ದೇಶಗಳ 12 ಬಾಣಸಿಗರು ಕೋಪನ್‌ಹೇಗನ್ನಿನಲ್ಲಿ ಸೇರಿ ಹತ್ತು ಅಂಶಗಳ ಪ್ರಣಾಳಿಕೆಗೆ ಸಹಿ ಹಾಕಿದರು. ಋತುಮಾನಕ್ಕೆ ತಕ್ಕ ಅಡಿಗೆ, ತಮ್ಮ ಹವೆ, ನೆಲ, ನೀರಿನಲ್ಲಿ ಚೆನ್ನಾಗಿ ಬೆಳೆಯುವ ಪದಾರ್ಥ ಎಂಬುದು ಅದರ ತಿರುಳು. ಮರುವರ್ಷ ಉತ್ತರ ದೇಶಗಳ ಸಚಿವರ ಮಂಡಳಿ ಅದನ್ನು ಬೆಂಬಲಿಸಿತು.

ಹೇಳುವುದು ಸುಲಭ, ಮಾಡುವುದು ಕಷ್ಟ. ನಿಂಬೆ ಬೆಳೆಯದ ನಾಡಿನಲ್ಲಿ ಹುಳಿಗೆ ಏನು ಮಾಡಬೇಕು? ಕಡಲಂಚಿನ ಮುಳ್ಳುಗಿಡದ ಹುಳಿಹಣ್ಣು ಬಂತು. ಕಾಡಿನ ಇರುವೆಯೂ ಬಂತು, ಅದರ ಮೈಯಲ್ಲಿರುವುದು ಆಮ್ಲವೇ ತಾನೆ. ದೀರ್ಘ ಚಳಿಗಾಲ ದಾಟಲು ಹಳ್ಳಿಗರು ಬಳಸುತ್ತಿದ್ದ ಉಪ್ಪು, ಹೊಗೆ, ಹುದುಗುವಿಕೆಗಳು ಹೊಸ ಅಡಿಗೆಮನೆಗೆ ಮರಳಿದವು. ಟೇಸ್ಟಿಂಗ್ ಮೆನು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಎರಡೇ ವಾರ ಸಿಗುವ ಚಿಗುರನ್ನು ವರ್ಷವಿಡೀ ಬಡಿಸಲಾಗದು. ಅಂದು ದೊರೆತದ್ದನ್ನು ಅಡಿಗೆಯವನೇ ಆರಿಸಿ, ಇಪ್ಪತ್ತರಷ್ಟು ಪುಟ್ಟ ತಟ್ಟೆಗಳಲ್ಲಿ ಋತುವನ್ನೇ ಬಡಿಸಿದ.

ಬ್ರಿಟನ್ನಿನ ‘ವಿಶ್ವದ 50 ಶ್ರೇಷ್ಠ ರೆಸ್ಟೋರೆಂಟ್’ ಪಟ್ಟಿಯಲ್ಲಿ ನೋಮಾ 2010ರಲ್ಲಿ ಮೊದಲ ಸ್ಥಾನಕ್ಕೇರಿತು. ಮುಂದೆ ಇನ್ನೂ ನಾಲ್ಕು ಬಾರಿ. ಅದೇ ನಗರದ ‘ಜೆರೇನಿಯಂ’ 2016ರಲ್ಲಿ ಮೂರು ಮಿಶೆಲಿನ್ ನಕ್ಷತ್ರ ಪಡೆಯಿತು, ಡೆನ್ಮಾರ್ಕಿಗೆ ಅದೇ ಮೊದಲು.

ಆದರೆ ಒಂದೊಂದು ಎಲೆಯನ್ನೂ ಚಿಮುಟದಿಂದ ಜೋಡಿಸುವ ಈ ಊಟಕ್ಕೆ ನೂರಾರು ಗಂಟೆಗಳ ದುಡಿಮೆ ಬೇಕು. ಅದರಲ್ಲಿ ದೊಡ್ಡ ಪಾಲು ಕಲಿಯಲು ಬಂದ, ಸಂಬಳವಿಲ್ಲದ ತರುಣರದಾಗಿತ್ತು. ಟೀಕೆಗಳು ಬಂದ ಮೇಲೆ ನೋಮಾ 2022ರ ಅಕ್ಟೋಬರಿನಿಂದ ಅವರಿಗೆ ಸಂಬಳ ಕೊಡತೊಡಗಿತು. 2023ರ ಜನವರಿಯಲ್ಲಿ, ಇಂಥ ಭೋಜನಾಲಯ ಹೀಗೆಯೇ ನಡೆಯಲಾರದೆಂದು ಹೇಳಿ ನಿತ್ಯದ ಸೇವೆ ನಿಲ್ಲಿಸುವ ನಿರ್ಧಾರವನ್ನು ರೆಡ್ಜೆಪಿ ಪ್ರಕಟಿಸಿದರು.

ಹಳೆಯ ಸಹಕಾರಿ ಹಾಲಿನ ಕೇಂದ್ರಗಳಲ್ಲಿ ಹಸುಗಳ ಲೆಕ್ಕಕ್ಕೆ ಮತವಿರಲಿಲ್ಲ; ಹಸು ಎಷ್ಟೇ ಇರಲಿ, ರೈತನಿಗೆ ಒಂದೇ ಮತ. ಕೋಪನ್‌ಹೇಗನ್ನಿನ ಬಾಣಸಿಗರು ಅಜ್ಜಂದಿರ ಉಪ್ಪು, ಹೊಗೆಗಳನ್ನು ನೆನಪಿಟ್ಟುಕೊಂಡರು. ದುಡಿದವರೆಲ್ಲರಿಗೂ ಪಾಲಿರಬೇಕೆಂಬ ಅವರ ಲೆಕ್ಕಾಚಾರ ಮಾತ್ರ ಅಡಿಗೆಮನೆಗೆ ಬರಲು ತಡವಾಯಿತು.